ಮಾರ್ಚ್ ಕೇಳುವ ತಿಂಗಳಲ್ಲ: ವರ್ಷಾಂತ್ಯದ ದೇಣಿಗೆ ಕುರಿತು ಪ್ರಶ್ನೋತ್ತರ

ಈ ಸಲ ದಾವಣಗೆರೆ, ಚಿತ್ರದುರ್ಗ ಜಿಲ್ಲೆಗಳ ಸಂಘ-ಸಂಸ್ಥೆಗಳ ಪತ್ರಗಳೇ ಹೆಚ್ಚು. ಎಲ್ಲರ ತಾಪತ್ರಯವೂ ಒಂದೇ: ಮಾರ್ಚ್ 31ರೊಳಗೆ ಹಣ ಹೊಂದಿಸಬೇಕು. ತೆರಿಗೆ ಕುರಿತ ಉತ್ತರಗಳು 2025-26ರ ಸಾಲಿಗೆ ಅನ್ವಯ. 2026ರ ಏಪ್ರಿಲ್ 1ರಿಂದ ಹೊಸ ಆದಾಯ ತೆರಿಗೆ ಕಾಯ್ದೆ ಜಾರಿಗೆ ಬರುವುದರಿಂದ ಸೆಕ್ಷನ್‌ಗಳ ಸಂಖ್ಯೆ ಬದಲಾಗುತ್ತದೆ. ಸದ್ಯಕ್ಕೆ ಎಲ್ಲರ ಬಾಯಲ್ಲಿರುವ ಹಳೇ ಸಂಖ್ಯೆಗಳನ್ನೇ ಇಲ್ಲಿ ಬಳಸಿದ್ದೇವೆ.

ಪ್ರಶ್ನೆ: ಬಡ ಮಕ್ಕಳಿಗೆ ಸಂಜೆ ಪಾಠ ಹೇಳುವ ಸಣ್ಣ ಟ್ರಸ್ಟ್ ನಮ್ಮದು. 60 ಮಕ್ಕಳಿದ್ದಾರೆ. ವರ್ಷಕ್ಕೆ 6 ಲಕ್ಷ ಬೇಕು. ಪ್ರತಿ ಮಾರ್ಚ್‌ನಲ್ಲಿ ಕರಪತ್ರ ಹಂಚಿ, ರಸೀದಿ ಪುಸ್ತಕ ಹಿಡಿದು ಅಂಗಡಿ ಅಂಗಡಿ ಸುತ್ತುತ್ತೇವೆ. ಎಷ್ಟು ಓಡಾಡಿದರೂ ಒಂದೂವರೆ ಲಕ್ಷ ದಾಟುವುದಿಲ್ಲ. ಎಲ್ಲಿ ಎಡವುತ್ತಿದ್ದೇವೆ?
— ಕಾರ್ಯದರ್ಶಿ, ಹರಿಹರ

ಉತ್ತರ: ತಿಂಗಳು ತಪ್ಪಾಗಿದೆ, ಜೊತೆಗೆ ಕೇಳುವ ಕ್ರಮವೂ.

ಮೊದಲು ತಿಂಗಳ ವಿಚಾರ. ಮಾರ್ಚ್ ಬಂತೆಂದರೆ ವ್ಯಾಪಾರಿಗೆ ತನ್ನದೇ ಲೆಕ್ಕ ಮುಗಿಸುವ ಗಡಿಬಿಡಿ, ಮನೆಯವರಿಗೆ ಮಕ್ಕಳ ಪರೀಕ್ಷೆ, ಹಿಂದೆಯೇ ಯುಗಾದಿ, ಊರೂರಲ್ಲಿ ಜಾತ್ರೆ. ಭದ್ರಾ ಅಚ್ಚುಕಟ್ಟಿನ ರೈತನ ದುಡ್ಡು ಆಗ ಬೇಸಿಗೆ ಭತ್ತದ ಗದ್ದೆಯಲ್ಲಿರುತ್ತದೆ. ಅದೇ ರೈತ ಮೆಕ್ಕೆಜೋಳವನ್ನೂ ಮಳೆಗಾಲದ ಭತ್ತವನ್ನೂ ಮಾರುವುದು ನವೆಂಬರ್‌ನಿಂದ ಜನವರಿವರೆಗೆ. ಚಳ್ಳಕೆರೆ ಕಡೆಯ ಶೇಂಗಾದ ಹಣ ಕೈಗೆ ಬರುವುದೂ ಹೆಚ್ಚುಕಡಿಮೆ ಆಗಲೇ. ಹಾಗಾಗಿ ರೈತರನ್ನು, ಅವರನ್ನೇ ನಂಬಿದ ಅಡತಿ ಅಂಗಡಿಯವರನ್ನು ಡಿಸೆಂಬರ್-ಜನವರಿಯಲ್ಲಿ ಕಾಣಿ. ಸಂಬಳದಾರರಿಗೆ ಜನವರಿ ಮೊದಲ ವಾರ ಒಳ್ಳೆಯದು. ಕಚೇರಿಗಳು ತೆರಿಗೆ ಲೆಕ್ಕ ಕೇಳುವುದು ಜನವರಿ-ಫೆಬ್ರುವರಿಯಲ್ಲಿ. ಗಿರಣಿ, ಪಾಲುದಾರಿಕೆ ಸಂಸ್ಥೆ, ದೊಡ್ಡ ಅಂಗಡಿಗಳಿಗೆ ಫೆಬ್ರುವರಿ ಕೊನೆಯ ಎರಡು ವಾರ. ಮುಂಗಡ ತೆರಿಗೆಯ ಕೊನೆಯ ಕಂತು ಕಟ್ಟುವ ದಿನ ಮಾರ್ಚ್ 15. ಆ ವರ್ಷದ ಲಾಭ ಎಷ್ಟೆಂದು ಆಡಿಟರು ಅದಕ್ಕೆ ಮುಂಚೆ ಒಂದು ಅಂದಾಜು ಹೇಳಿರುತ್ತಾರೆ. ಕೊಡುವ ಮನಸ್ಸಿದ್ದವರಿಗೆ ಎಷ್ಟು ಕೊಡಬಹುದೆಂದು ತಿಳಿಯುವ ಹೊತ್ತು ಅದು. ಮಾರ್ಚ್‌ ಇರುವುದು ಬರೆಸಿದ್ದನ್ನು ವಸೂಲು ಮಾಡುವುದಕ್ಕೆ, ರಸೀದಿ ಕೊಡುವುದಕ್ಕೆ. ಹೊಸಬರ ಬಾಗಿಲು ತಟ್ಟುವುದಕ್ಕಲ್ಲ.

ಇನ್ನು ಕ್ರಮ. ಕಳೆದ 3 ವರ್ಷದ ರಸೀದಿ ಪುಸ್ತಕಗಳ ಪ್ರತಿಗಳನ್ನು ಹೊರತೆಗೆದು ಒಂದೇ ಪಟ್ಟಿ ಮಾಡಿ: ಹೆಸರು, ಊರು, ಫೋನ್, ಕೊಟ್ಟ ಮೊತ್ತ, ಕೊಟ್ಟ ತಾರೀಖು, ಯಾರ ಮುಖ ನೋಡಿ ಕೊಟ್ಟರು. ಕೊನೆಯ ಅಂಕಣವನ್ನು ಎಲ್ಲರೂ ಬಿಡುತ್ತಾರೆ. ಆದರೆ ಈ ಸಲ ಅವರ ಮನೆಗೆ ಯಾರು ಹೋಗಬೇಕೆಂದು ಹೇಳುವುದು ಅದೊಂದೇ. ಪಟ್ಟಿಯನ್ನು ಮೂರು ಭಾಗ ಮಾಡಿ: ಹೋದ ವರ್ಷ ಕೊಟ್ಟವರು, ಹಿಂದೆ ಕೊಟ್ಟು ಹೋದ ವರ್ಷ ಬಿಟ್ಟವರು, ಎಂದೂ ಕೊಡದವರು. ಹೋಗಬೇಕಾದದ್ದು ಇದೇ ಸಾಲಿನಲ್ಲಿ. ನೀವು ಅಂಗಡಿ ಸಾಲು ಸುತ್ತುವಾಗ ಮೂರನೆಯವರಿಂದ ಶುರು ಮಾಡುತ್ತಿದ್ದೀರಿ. ಅದಕ್ಕೇ ಒಬ್ಬೊಬ್ಬರಿಂದ ನೂರು, ಇನ್ನೂರು ಬರುತ್ತಿದೆ.

ಆರು ಲಕ್ಷವನ್ನು ಆರುನೂರು ಜನರಿಗೆ ಸಮನಾಗಿ ಹಂಚಿ, ತಲೆಗೆ ಸಾವಿರ ಅಂದುಕೊಂಡರೆ ಆಗುವ ಕೆಲಸವಲ್ಲ. ಮೊತ್ತಗಳನ್ನು ಮೇಲಿಂದ ಕೆಳಕ್ಕೆ ಹೀಗೆ ಬರೆದುಕೊಳ್ಳಿ: 1 ಲಕ್ಷ ಕೊಡುವವರು ಒಬ್ಬರು, 50,000 ಕೊಡುವವರು ಇಬ್ಬರು, 25,000ದ ಆರು ಜನ, 10,000ದ ಹತ್ತು ಜನ, 5,000ದ ಇಪ್ಪತ್ತು ಜನ. ಇಲ್ಲಿಗೆ ಐದೂವರೆ ಲಕ್ಷ. ಉಳಿದ 50,000 ಮಾತ್ರ ಐನೂರು, ಸಾವಿರದ ಸಣ್ಣ ದೇಣಿಗೆಗಳಿಂದ ಬರಲಿ. ಕೇಳಿದವರೆಲ್ಲ ಕೊಡುವುದಿಲ್ಲವಾದ್ದರಿಂದ ಪ್ರತಿಯೊಂದು ಮೊತ್ತಕ್ಕೂ ಮೂರು-ನಾಲ್ಕು ಪಟ್ಟು ಹೆಸರು ಬೇಕು: ಲಕ್ಷದ ಒಂದು ಜಾಗಕ್ಕೆ 4 ಹೆಸರು, ಐವತ್ತು ಸಾವಿರದ ಎರಡಕ್ಕೆ 8, ಹೀಗೆ. ಹೆಸರು ಬರೆಯಲು ಕೂತಾಗ ಮೇಲಿನ ಮೂರು ಸಾಲು ಖಾಲಿಯೇ ಉಳಿದರೆ ನಿಮ್ಮ ಗುರಿ ಆರು ಲಕ್ಷವಲ್ಲ, ಎರಡೂವರೆ ಲಕ್ಷ. ಆ ಸತ್ಯ ನವೆಂಬರ್‌ನಲ್ಲೇ ತಿಳಿದರೆ ಖರ್ಚನ್ನಾದರೂ ತಗ್ಗಿಸಬಹುದು.

ಮೊದಲ ದೇಣಿಗೆ ಸಮಿತಿಯವರದೇ ಆಗಬೇಕು. ಟ್ರಸ್ಟಿಗಳು ಅವರವರ ಶಕ್ತಿಗೆ ತಕ್ಕಂತೆ ಬರೆದ ಮೇಲೆಯೇ ಹೊರಗೆ ಹೊರಡಿ. ‘ನೀವೆಷ್ಟು ಹಾಕಿದ್ರಿ?’ ಎಂದು ಮಂಡಿಪೇಟೆಯ ಯಜಮಾನರು ಕೇಳಿಯೇ ಕೇಳುತ್ತಾರೆ. ಆಮೇಲೆ ದೊಡ್ಡ ಮೊತ್ತದವರನ್ನು ಒಬ್ಬೊಬ್ಬರಾಗಿ ಕಂಡು, ಎರಡೂವರೆ ಲಕ್ಷದಷ್ಟಾದರೂ ಮಾತಾದ ಮೇಲೆ ಕರಪತ್ರ, ಬ್ಯಾನರ್. ‘ಆರು ಲಕ್ಷ ಬೇಕು’ ಎಂಬ ಬ್ಯಾನರಿಗಿಂತ ‘ಆರರಲ್ಲಿ ಎರಡೂವರೆ ಬಂದಿದೆ’ ಎಂಬ ಬ್ಯಾನರ್ ನೋಡಿದವರು ಬೇಗ ಕೈ ಬಿಚ್ಚುತ್ತಾರೆ.

ಇನ್ನೊಂದು ಉಪಾಯವಿದೆ. ದೊಡ್ಡ ದಾನಿಯೊಬ್ಬರು ‘ಜನವರಿ 31ರೊಳಗೆ ಬೇರೆಯವರು ಕೊಟ್ಟಷ್ಟನ್ನು ನಾನೂ ಸೇರಿಸುತ್ತೇನೆ, 1 ಲಕ್ಷದವರೆಗೆ’ ಎಂದು ಒಪ್ಪಿದರೆ ಅದನ್ನು ಹೆಸರು ಹೇಳಿಯೋ ಹೇಳದೆಯೋ ಪ್ರಕಟಿಸಿ. ಆದರೆ ಅದು ನಿಜವಾದ ಷರತ್ತಾಗಿರಬೇಕು. ಹೇಗೂ ಕೊಡಲಿದ್ದ ಹಣಕ್ಕೆ ಷರತ್ತಿನ ವೇಷ ಹಾಕಿದರೆ ಚಿಕ್ಕ ಊರಲ್ಲಿ ಆ ಗುಟ್ಟು ಸಂಕ್ರಾಂತಿವರೆಗೂ ನಿಲ್ಲುವುದಿಲ್ಲ.

ಪ್ರಶ್ನೆ: ವೃದ್ಧಾಶ್ರಮದ ಪರವಾಗಿ ಮನವಿ ಪತ್ರ ಬರೆಯಬೇಕು. ಹಿಂದಿನ ಪತ್ರ ನಾಲ್ಕು ಪುಟವಿತ್ತು: ಸಂಸ್ಥಾಪಕರ ಪರಿಚಯ, ಬಂದ ಪ್ರಶಸ್ತಿಗಳು, ಗಣ್ಯರ ಫೋಟೋ ಎಲ್ಲ ಇದ್ದವು. 400 ಜನರಿಗೆ ಕಳಿಸಿದೆವು. ಉತ್ತರ ಬಂದದ್ದು ಬೆರಳೆಣಿಕೆ.
— ಖಜಾಂಚಿ, ಚಳ್ಳಕೆರೆ

ಉತ್ತರ: ‘ಮಾಡಿದಷ್ಟು ನೀಡು ಭಿಕ್ಷೆ’ ಎಂದ ನಾಯಕನಹಟ್ಟಿ ತಿಪ್ಪೇರುದ್ರಸ್ವಾಮಿಯ ಸೀಮೆ ನಿಮ್ಮದು. ಅಲ್ಲಿ ಕೊಡುವವರು ಕೇಳುವುದು ಏನು ಮಾಡಿದ್ದೀರಿ, ಏನು ಮಾಡಲಿದ್ದೀರಿ ಎಂದು. ಪ್ರಶಸ್ತಿಯ ಸುದ್ದಿ ಅವರಿಗೆ ಯಾಕೆ?

ಒಂದೇ ಹಾಳೆ ಸಾಕು. ಮೊದಲ ಸಾಲಲ್ಲೇ ಅಗತ್ಯ ಹೇಳಿ: ‘25 ಹಿರಿಯರ ಒಂದು ದಿನದ ಊಟಕ್ಕೆ 2,250 ರೂಪಾಯಿ ಬೇಕು. ಏಪ್ರಿಲ್‌ನಿಂದ ಜೂನ್‌ವರೆಗಿನ 91 ದಿನಗಳಲ್ಲಿ 40 ದಿನಕ್ಕೆ ದಾನಿಗಳು ಸಿಕ್ಕಿದ್ದಾರೆ, 51 ದಿನ ಬಾಕಿ.’ ದಿನಕ್ಕಿಷ್ಟು ಎಂಬ ದಾಸೋಹದ ಲೆಕ್ಕ ನಮ್ಮ ಕಡೆಯವರಿಗೆ ವಿವರಿಸಬೇಕಿಲ್ಲ. ತಂದೆಯ ಪುಣ್ಯತಿಥಿ, ಮಗಳ ಹುಟ್ಟುಹಬ್ಬ, ಮದುವೆಯ ದಿನ ಎಂದು ತಾವೇ ತಾರೀಖು ಆರಿಸಿಕೊಳ್ಳುತ್ತಾರೆ. ಆ ತಾರೀಖು ಬರೆದಿಟ್ಟುಕೊಂಡರೆ ಮುಂದಿನ ವರ್ಷ ಫೋನ್ ಮಾಡಲು ಕಾರಣವೂ ಸಿಕ್ಕಿತು.

ದಿನದ ಖರ್ಚು ಲೆಕ್ಕ ಹಾಕುವಾಗಲೇ ಬಹಳ ಸಂಸ್ಥೆಗಳು ಮೋಸ ಹೋಗುತ್ತವೆ. ಅಕ್ಕಿ, ರಾಗಿ, ಬೇಳೆ, ಎಣ್ಣೆ, ತರಕಾರಿ ಸೇರಿಸಿ ತಲೆಗೆ 60 ರೂಪಾಯಿ ಎಂದು ಬರೆದುಬಿಡುತ್ತವೆ. ಗ್ಯಾಸು, ಅಡುಗೆಯವರ ಸಂಬಳ, ಕರೆಂಟು, ನೀರು, ಪಾತ್ರೆ ತೊಳೆಯುವವರ ಕೂಲಿ ಸೇರಿದರೆ ಅದು 90 ಆಗಬಹುದು. ಅರವತ್ತರಂತೆ ಕೇಳಿದರೆ 365 ದಿನಕ್ಕೂ ದಾನಿಗಳು ಸಿಕ್ಕ ಮೇಲೂ ವರ್ಷದ ಕೊನೆಗೆ ಎರಡು ಮುಕ್ಕಾಲು ಲಕ್ಷದ ಸಾಲ ಉಳಿಯುತ್ತದೆ. ಗುಣಿಸಿ ನೋಡಿ: 25 ಜನ, 30 ರೂಪಾಯಿ, 365 ದಿನ. ಪತ್ರದಲ್ಲಿ ‘ಊಟ ಮತ್ತು ಅಡುಗೆಮನೆಯ ಖರ್ಚು’ ಎಂದೇ ಬರೆಯಿರಿ. ‘ನಿಮ್ಮ ಹಣ ಪೂರ್ತಿ ಅನ್ನಕ್ಕೇ’ ಎಂದು ಬರೆದರೆ ಅದರಿಂದ ಗ್ಯಾಸ್ ಬಿಲ್ ಕಟ್ಟುವುದೂ ಮಾತು ತಪ್ಪಿದಂತೆ.

ಪ್ರತಿ ಪತ್ರದಲ್ಲೂ ಹೆಸರನ್ನೂ ಕೇಳುವ ಮೊತ್ತವನ್ನೂ ಪೆನ್ನಿನಲ್ಲಿ ಬರೆಯಿರಿ. ಹೋದ ವರ್ಷ 2,000 ಕೊಟ್ಟವರಿಗೆ ‘ಈ ಸಲ ಒಂದು ದಿನದ ಖರ್ಚು 2,250 ವಹಿಸಿಕೊಳ್ಳಬಹುದೇ?’ ಎನ್ನಿ. ‘ಯಥಾಶಕ್ತಿ’ ಎಂದರೆ ಓದಿದವರು ನೂರೊಂದಕ್ಕೆ ಇಳಿಯುತ್ತಾರೆ. ಸಹಿ ಆ ದಾನಿಗೆ ಪರಿಚಯವಿರುವ ಸದಸ್ಯರದಿರಲಿ, ಅಧ್ಯಕ್ಷರದೇ ಆಗಬೇಕೆಂದಿಲ್ಲ. 80 ಜಿಎಸ್‌ಎಂನ ಒಂದು ಎ4 ಹಾಳೆ 5 ಗ್ರಾಂ ತೂಗುತ್ತದೆ. ಪತ್ರ, ಹೆಸರು-ವಿಳಾಸ-ಪ್ಯಾನ್ ತುಂಬಿ ಕಳಿಸುವ ಚೀಟಿ, ಲಕೋಟೆ ಎಲ್ಲ ಸೇರಿದರೂ 20 ಗ್ರಾಂ ಒಳಗೆ ಬಂದು 5 ರೂಪಾಯಿಯ ಅಂಚೆ ಚೀಟಿಯಲ್ಲಿ ಹೋಗುತ್ತದೆ. ನಾಲ್ಕು ಪುಟದ ಆರ್ಟ್ ಪೇಪರಿನ ದುಡ್ಡಲ್ಲಿ ಎರಡನೇ ನೆನಪಿನ ಪತ್ರವನ್ನೂ ಕಳಿಸಬಹುದು. ಕಳಿಸಿ. ಮೊದಲನೆಯದನ್ನು ಓದಿ ಮೇಜಿನ ಮೇಲಿಟ್ಟು ಮರೆತವರು ಎರಡನೆಯದಕ್ಕೆ ಏಳುತ್ತಾರೆ.

ಪ್ರಶ್ನೆ: ಯಾರ ಹತ್ತಿರ ಹೋದರೂ ‘80ಜಿ ಇದೆಯಾ?’ ಅಂತಾರೆ. ಇದೆ ಅಂದರೂ ಕೆಲವರು ‘ನಮಗೆ ಅದರಿಂದ ಉಪಯೋಗ ಇಲ್ಲ’ ಅಂತಾರೆ. ಕರಪತ್ರದಲ್ಲಿ ‘ತೆರಿಗೆ ಉಳಿಸಿ’ ಅಂತ ದಪ್ಪ ಅಕ್ಷರದಲ್ಲಿ ಹಾಕಿಸಬೇಕೋ ಬೇಡವೋ?
— ಸ್ವಯಂಸೇವಕಿ, ಪಿ.ಜೆ. ಬಡಾವಣೆ, ದಾವಣಗೆರೆ

ಉತ್ತರ: ದಪ್ಪ ಅಕ್ಷರ ಬೇಡ, ಕೊನೆಯಲ್ಲಿ ಒಂದು ಸಾಲು ಸಾಕು. 80ಜಿ ಎಂದರೆ ಕೊಟ್ಟ ದೇಣಿಗೆಯ ಒಂದು ಭಾಗವನ್ನು ದಾನಿಯ ಆದಾಯದಿಂದ ಕಳೆದು ತೆರಿಗೆ ಲೆಕ್ಕ ಹಾಕುವ ವಿನಾಯಿತಿ. ಯಾರಿಗೆ ಉಪಯೋಗ, ಯಾರಿಗಿಲ್ಲ ಎಂಬುದನ್ನು ಮಾತ್ರ ಕೇಳಲು ಹೋಗುವವರೆಲ್ಲ ಬಾಯಿಪಾಠ ಮಾಡಿಕೊಂಡಿರಬೇಕು.

ಹೊಸ ತೆರಿಗೆ ಪದ್ಧತಿಯಲ್ಲಿರುವವರಿಗೆ 80ಜಿ ವಿನಾಯಿತಿ ಸಿಗುವುದಿಲ್ಲ. 2023-24ರಿಂದ ಆ ಪದ್ಧತಿಯೇ ತಾನಾಗಿ ಅನ್ವಯವಾಗುತ್ತದೆ. ಹಳೆಯದು ಬೇಕೆಂದವರು ಆರಿಸಿಕೊಳ್ಳಬೇಕು. 2025-26ರಲ್ಲಿ ಹೊಸ ಪದ್ಧತಿಯ ಸಂಬಳದಾರರಿಗೆ 12.75 ಲಕ್ಷದವರೆಗೆ ತೆರಿಗೆಯೇ ಇಲ್ಲ. ಅಂದ ಮೇಲೆ ಪ್ರೌಢಶಾಲೆಯ ಮೇಷ್ಟರಿಗೆ, ಬ್ಯಾಂಕ್ ಗುಮಾಸ್ತರಿಗೆ ‘ತೆರಿಗೆ ಉಳಿಯುತ್ತೆ’ ಎನ್ನುವುದು ಹೆಚ್ಚಿನ ಸಲ ಸುಳ್ಳು ಆಸೆ. ಶೇ 22ರ ದರ ಆರಿಸಿಕೊಂಡ ಕಂಪನಿಗಳಿಗೂ 80ಜಿ ಇಲ್ಲ.

ನಿಜವಾದ ಉಪಯೋಗ ಇರುವುದು ಪಾಲುದಾರಿಕೆ ಸಂಸ್ಥೆಗಳಿಗೆ, ಹಳೇ ಪದ್ಧತಿಯಲ್ಲೇ ಉಳಿದ ಡಾಕ್ಟರು-ವ್ಯಾಪಾರಿಗಳಿಗೆ. ದಾವಣಗೆರೆಯ ಅಡತಿ ಅಂಗಡಿಗಳಲ್ಲಿ, ಗಿರಣಿಗಳಲ್ಲಿ ಪಾಲುದಾರಿಕೆ ಸಂಸ್ಥೆಗಳಿಗೇನೂ ಕೊರತೆಯಿಲ್ಲ. ಹೊಸ ಪದ್ಧತಿ ಅವುಗಳಿಗೆ ಅನ್ವಯಿಸುವುದಿಲ್ಲ. ತೆರಿಗೆ ಶೇ 30, ಸೆಸ್ ಸೇರಿ 31.2. ಸಂಸ್ಥೆಯ ಹೆಸರಲ್ಲಿ 50,000 ಕೊಟ್ಟರೆ ಅರ್ಧ, ಅಂದರೆ 25,000 ಆದಾಯದಿಂದ ಕಳೆಯುತ್ತದೆ. ತೆರಿಗೆಯಲ್ಲಿ ಉಳಿಯುವುದು 7,800 ರೂಪಾಯಿ. ‘ಅರ್ಧ ದುಡ್ಡು ವಾಪಸ್ ಬರುತ್ತೆ’ ಎಂದು ಹೇಳಿಕೊಂಡು ತಿರುಗಬೇಡಿ. ವಿನಾಯಿತಿಗೆ ಒಟ್ಟು ಆದಾಯದ ಶೇ 10ರ ಮಿತಿಯೂ ಇದೆ. ಅದೇ ಯಜಮಾನರು ಸ್ವಂತ ಖಾತೆಯಿಂದ ಕೊಟ್ಟು, ಅವರು ಹೊಸ ಪದ್ಧತಿಯಲ್ಲಿದ್ದರೆ ಏನೂ ಉಳಿಯದು. ಆದ್ದರಿಂದ ‘ಫರ್ಮ್ ಹೆಸರಲ್ಲಿ ಕೊಡ್ತೀರೋ, ನಿಮ್ಮ ಹೆಸರಲ್ಲೋ? ಆಡಿಟರನ್ನ ಒಂದು ಮಾತು ಕೇಳಿ’ ಎಂದು ರಸೀದಿ ಬರೆಯುವ ಮುನ್ನ ಹೇಳಿ. ಬರೆದ ರಸೀದಿಯ ಹೆಸರನ್ನು ಏಪ್ರಿಲ್‌ನಲ್ಲಿ ಬದಲಿಸಿಕೊಡಿ ಎಂದು ಬರುವವರು ಪ್ರತಿ ವರ್ಷ ಇರುತ್ತಾರೆ. ಬದಲಿಸಬೇಡಿ.

ನಗದು 2,000 ರೂಪಾಯಿ ಮೀರಿದರೆ 80ಜಿ ಇಲ್ಲ. ಹತ್ತು ಸಾವಿರವನ್ನು ಐದು ರಸೀದಿಯಾಗಿ ಒಡೆದು ಬರೆಯುವ ಚಾಳಿ ಬಿಡಿ. ಒಬ್ಬರಿಂದ ಒಂದೇ ದಿನ 2 ಲಕ್ಷ ಅಥವಾ ಅದಕ್ಕಿಂತ ಹೆಚ್ಚು ನಗದು ಪಡೆಯುವುದೇ ಕಾನೂನುಬಾಹಿರ, ದಂಡ ಬೀಳುವುದು ಪಡೆದವರಿಗೆ. ಅಕ್ಕಿ ಚೀಲ, ಕಂಬಳಿ, ಬೆಂಚು ಕೊಟ್ಟವರಿಗೂ 80ಜಿ ಇಲ್ಲ. ಬಂದ ವಸ್ತು ಮತ್ತು ಪ್ರಮಾಣ ನಮೂದಿಸಿ ಸ್ವೀಕೃತಿ ಪತ್ರ ಕೊಡಿ, ಮೊತ್ತ ಬರೆಯಬೇಡಿ.

ನಿಮ್ಮ 80ಜಿ ಇನ್ನೂ ಚಾಲ್ತಿಯಲ್ಲಿದೆಯೇ ನೋಡಿಕೊಳ್ಳಿ. 2021ರಲ್ಲಿ ಮರುನೋಂದಣಿಯಾಗಿ 5 ವರ್ಷದ ಆದೇಶ ಪಡೆದ ಸಂಸ್ಥೆಗಳ ಅವಧಿ 2026ರ ಮಾರ್ಚ್ 31ಕ್ಕೆ ಮುಗಿಯುತ್ತದೆ. ನವೀಕರಣದ ಅರ್ಜಿಯನ್ನು ಅವಧಿ ಮುಗಿಯುವ 6 ತಿಂಗಳು ಮೊದಲೇ, ಅಂದರೆ ಸೆಪ್ಟೆಂಬರ್‌ನೊಳಗೆ ಹಾಕಿರಬೇಕು. ಹಾಕಿದ್ದೀರೋ ಇಲ್ಲವೋ ಎಂದು ಕರಪತ್ರ ಅಚ್ಚಿಗೆ ಕಳಿಸುವ ಮೊದಲು ಆಡಿಟರಿಗೆ ಫೋನ್ ಮಾಡಿ.

ಪ್ರಶ್ನೆ: ಬೇಕರಿ, ಮೆಡಿಕಲ್ ಶಾಪ್‌ಗಳಲ್ಲಿ ಹುಂಡಿ ಡಬ್ಬಿ ಇಟ್ಟಿದ್ದೇವೆ. ಮಾರ್ಚ್‌ನಲ್ಲಿ ಜಾತ್ರೆಯಲ್ಲೂ ಒಂದು ಕೌಂಟರ್ ಹಾಕಿ ಕ್ಯೂಆರ್ ಕೋಡ್ ಅಂಟಿಸುವ ಯೋಚನೆ ಇದೆ. ಏನಾದರೂ ತೊಡಕುಂಟೆ?
— ಸದಸ್ಯರು, ಚಿತ್ರದುರ್ಗ

ಉತ್ತರ: ಉಂಟು. ಕೊಟ್ಟವರ ಹೆಸರು-ವಿಳಾಸ ನಿಮ್ಮಲ್ಲಿ ದಾಖಲಾಗದ ಹಣ ಕಾನೂನಿನ ಕಣ್ಣಿಗೆ ಅನಾಮಧೇಯ ದೇಣಿಗೆ. ವರ್ಷದ ಒಟ್ಟು ದೇಣಿಗೆಯ ಶೇ 5 ಅಥವಾ 1 ಲಕ್ಷ, ಇವೆರಡರಲ್ಲಿ ಯಾವುದು ಹೆಚ್ಚೋ ಅಷ್ಟಕ್ಕೆ ತೊಂದರೆಯಿಲ್ಲ. ಅದನ್ನು ಮೀರಿದ ಭಾಗಕ್ಕೆ ಸೇವಾ ಸಂಸ್ಥೆಗಳು ಶೇ 30 ತೆರಿಗೆ ಕಟ್ಟಬೇಕು. ಡಬ್ಬಿಗಳಿಂದ ಲಕ್ಷ ದಾಟುವ ಊರು ಕಡಿಮೆ. ಆದರೆ ಕ್ಯೂಆರ್ ಕೋಡ್ ಹಾಗಲ್ಲ. ಯುಪಿಐನಲ್ಲಿ ಬಂದ ಹಣದ ಜೊತೆ ಕೊಟ್ಟವರ ಹೆಸರು ಬರಬಹುದು, ವಿಳಾಸವಾಗಲೀ ಪ್ಯಾನ್ ಆಗಲೀ ಬರುವುದಿಲ್ಲ. ಜಾತ್ರೆಯ ನೂಕುನುಗ್ಗಲಲ್ಲಿ ಬಂದದ್ದೆಲ್ಲ ಅನಾಮಧೇಯದ ಲೆಕ್ಕಕ್ಕೇ ಸೇರುವ ಅಪಾಯವಿದೆ. ಕೋಡಿನ ಪಕ್ಕದಲ್ಲೇ ‘ರಸೀದಿಗಾಗಿ ಹೆಸರು, ವಿಳಾಸ, ಪ್ಯಾನ್ ಅಥವಾ ಆಧಾರ್ ಈ ಸಂಖ್ಯೆಗೆ ವಾಟ್ಸ್‌ಆ್ಯಪ್ ಮಾಡಿ’ ಎಂದು ದೊಡ್ಡದಾಗಿ ಬರೆಯಿರಿ, ಒಬ್ಬ ಹುಡುಗನನ್ನು ನೋಟ್‌ಬುಕ್ ಹಿಡಿಸಿ ಕೂರಿಸಿ. ಸ್ಕ್ಯಾನ್ ಮಾಡಿದಾಗ ಟ್ರಸ್ಟಿನ ಹೆಸರೇ ಕಾಣಬೇಕು. ಕಾರ್ಯದರ್ಶಿಯ ಸ್ವಂತ ಖಾತೆಯ ಕೋಡ್ ಅಂಟಿಸಿ ‘ಆಮೇಲೆ ವರ್ಗಾಯಿಸ್ತೀವಿ’ ಎನ್ನುವ ಸಂಸ್ಥೆಗಳ ಬಗ್ಗೆ ನಮಗೆ ಸಹಾನುಭೂತಿ ಇಲ್ಲ.

ಡಬ್ಬಿಗಳಿಗೆ ಸಂಖ್ಯೆ ಹಾಕಿ, ಬೀಗದ ಮೇಲೆ ಅರಗಿನ ಮುದ್ರೆಯೋ ಸಹಿ ಮಾಡಿದ ಕಾಗದವೋ ಇರಲಿ. ಅಂಗಡಿಯವರೆದುರೇ ಇಬ್ಬರು ಸದಸ್ಯರು ಎಣಿಸಿ, ಮೂವರೂ ಸಹಿ ಹಾಕಿ, ಮರುದಿನವೇ ಬ್ಯಾಂಕಿಗೆ ಕಟ್ಟಿ. ಅದರಿಂದಲೇ ಆಟೋ ಬಾಡಿಗೆ ಕೊಟ್ಟು ಉಳಿದದ್ದನ್ನು ಕಟ್ಟುವುದು ಬೇಡ.

ಪ್ರಶ್ನೆ: ಮಗ ಅಮೆರಿಕದಲ್ಲಿದ್ದಾನೆ. ಅವನೂ ಅವನ ಗೆಳೆಯರೂ ಸೇರಿ ನಮ್ಮೂರ ಗ್ರಂಥಾಲಯಕ್ಕೆ ಡಿಸೆಂಬರ್ ಒಳಗೆ ಹಣ ಕಳಿಸ್ತೀವಿ ಅಂತಾರೆ. ಟ್ರಸ್ಟ್ ಖಾತೆಗೆ ಹಾಕಿಸಿಕೊಳ್ಳಬಹುದೇ?
— ಹೊಸದುರ್ಗ

ಉತ್ತರ: ಕಳಿಸುವವರ ಪಾಸ್‌ಪೋರ್ಟ್ ಯಾವ ದೇಶದ್ದು ಎಂಬುದರ ಮೇಲೆ ಎಲ್ಲವೂ ನಿಂತಿದೆ. ಡಾಲರೋ ರೂಪಾಯಿಯೋ ಎಂಬುದು ಮುಖ್ಯವಲ್ಲ. ಮಗ ಇನ್ನೂ ಭಾರತೀಯ ಪ್ರಜೆಯಾಗಿದ್ದು ತನ್ನ ಸ್ವಂತ ಉಳಿತಾಯವನ್ನು ಬ್ಯಾಂಕ್ ಮೂಲಕ ಕಳಿಸಿದರೆ ಅದು ವಿದೇಶಿ ದೇಣಿಗೆಯಲ್ಲ. ಅವನ ಪಾಸ್‌ಪೋರ್ಟಿನ ಪ್ರತಿ ತರಿಸಿ ಕಡತದಲ್ಲಿಡಿ. ಅಮೆರಿಕದ ಪೌರತ್ವ ಪಡೆದ ಗೆಳೆಯರದು, ಅವರ ಕೈಯಲ್ಲಿ ಒಸಿಐ (ಸಾಗರೋತ್ತರ ಭಾರತೀಯ ನಾಗರಿಕ) ಕಾರ್ಡ್ ಇದ್ದರೂ, ವಿದೇಶಿ ದೇಣಿಗೆಯೇ. ಅದನ್ನು ಪಡೆಯಲು ಎಫ್‌ಸಿಆರ್‌ಎ (ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆ) ನೋಂದಣಿ ಬೇಕು, ಹಣ ಮೊದಲು ಬರಬೇಕಾದದ್ದು ಎಸ್‌ಬಿಐನ ನವದೆಹಲಿ ಮುಖ್ಯ ಶಾಖೆಯ ಖಾತೆಗೇ. ನೋಂದಣಿಗೆ ಸಂಸ್ಥೆ 3 ವರ್ಷ ಹಳೆಯದಾಗಿದ್ದು, ಆ 3 ವರ್ಷಗಳಲ್ಲಿ 15 ಲಕ್ಷವನ್ನು ಸೇವಾ ಕಾರ್ಯಕ್ಕೆ ಖರ್ಚು ಮಾಡಿರಬೇಕು. ಈ ಡಿಸೆಂಬರಿಗೆ ಅದು ಆಗುವ ಮಾತಲ್ಲ. ಗೆಳೆಯರ ಹಣವನ್ನೆಲ್ಲ ಮಗನ ಖಾತೆಗೆ ಹಾಕಿಸಿ ಅವನ ಹೆಸರಲ್ಲಿ ಕಳಿಸಿದರೆ ಸರಿಹೋಗುತ್ತದಲ್ಲ ಎಂದು ಹೊಳೆದಿರಬಹುದು. ಹೋಗುವುದಿಲ್ಲ, ಮೂಲ ಹಣ ಯಾರದೋ, ದೇಣಿಗೆಯೂ ಅವರದೇ.

ಪ್ರಶ್ನೆ: ಅನಾಥ ಮಕ್ಕಳ ಮನೆ ನಡೆಸುತ್ತೇವೆ. ಮಕ್ಕಳ ಕಷ್ಟ ತೋರಿಸುವ ವಿಡಿಯೋ ಮಾಡಿ ವಾಟ್ಸ್‌ಆ್ಯಪ್ ಬ್ರಾಡ್‌ಕಾಸ್ಟ್‌ನಲ್ಲಿ ಎಲ್ಲರಿಗೂ ಕಳಿಸಿದೆವು. ನೋಡಿದವರೇ ಇಲ್ಲ ಎನ್ನುವಂತಾಗಿದೆ.
— ಜಗಳೂರು

ಉತ್ತರ: ವಿಡಿಯೋ ಮೊದಲು ತೆಗೆದುಹಾಕಿ. ಪಾಲನೆ, ರಕ್ಷಣೆ ಬೇಕಾದ ಮಕ್ಕಳ ಗುರುತು ಬಯಲು ಮಾಡುವುದನ್ನು 2015ರ ಬಾಲನ್ಯಾಯ ಕಾಯ್ದೆಯ ಸೆಕ್ಷನ್ 74 ನಿಷೇಧಿಸುತ್ತದೆ; ಹೆಸರು, ಶಾಲೆ, ಮುಖ ಯಾವುದೂ ಬರಕೂಡದು. ಕಟ್ಟಡ, ಅಡುಗೆಮನೆ, ಮಕ್ಕಳು ಬರೆದ ಚಿತ್ರ, ಬೆನ್ನು ಕಾಣುವಂತೆ ಕೂತ ಸಾಲು ತೋರಿಸಿದರೂ ಕೊಡುವವರು ಕೊಡುತ್ತಾರೆ.

ತಲುಪದ ಕಾರಣ ಬೇರೆ. ಬ್ರಾಡ್‌ಕಾಸ್ಟ್ ಸಂದೇಶ ಹೋಗುವುದು ನಿಮ್ಮ ನಂಬರನ್ನು ತಮ್ಮ ಫೋನಿನಲ್ಲಿ ಸೇವ್ ಮಾಡಿಕೊಂಡವರಿಗೆ ಮಾತ್ರ, ಒಂದು ಪಟ್ಟಿಗೆ 256 ಜನ. ರಸೀದಿ ಕೊಡುವಾಗಲೇ ‘ಈ ನಂಬರ್ ಸೇವ್ ಮಾಡ್ಕೊಳ್ಳಿ, ರಸೀದಿ ಇದರಿಂದಲೇ ಬರುತ್ತೆ’ ಎಂದು ಹೇಳುವುದೊಂದೇ ದಾರಿ. ಹೇಗಿದ್ದರೂ ವಾಟ್ಸ್‌ಆ್ಯಪ್ ನೆನಪಿಸಲು ಒಳ್ಳೆಯದು, ಕೇಳಲು ಅಲ್ಲ. ಐದು ಸಾವಿರಕ್ಕಿಂತ ಹೆಚ್ಚು ನಿರೀಕ್ಷಿಸುವ ಯಾರಿಗೂ ಮೊದಲ ಮಾತು ವಾಟ್ಸ್‌ಆ್ಯಪಿನಲ್ಲಿ ಬೇಡ.

ಪ್ರಶ್ನೆ: ಸಹಾಯಾರ್ಥ ನಾಟಕ ಆಡಿಸಿದರೆ ಹೇಗೆ?
— ದಾವಣಗೆರೆ

ಉತ್ತರ: ವೃತ್ತಿ ರಂಗಭೂಮಿಯ ಊರಿನವರು ಕೇಳಿದ್ದೀರಿ, ಬೇಡ ಎನ್ನಲು ಮನಸ್ಸು ಬಾರದು. ಆದರೆ ಸಭಾಂಗಣ, ಕಲಾವಿದರು, ಧ್ವನಿ-ಬೆಳಕು, ಊಟ, ಪ್ರಚಾರ ಎಲ್ಲಕ್ಕೂ ಪ್ರಾಯೋಜಕರು ಮೊದಲೇ ಸಿಕ್ಕಿದ್ದರೆ ಮಾತ್ರ ಮಾಡಿ. ಟಿಕೆಟ್ ಮಾರಿ ಖರ್ಚು ಹುಟ್ಟಿಸುವ ಲೆಕ್ಕದಲ್ಲಿ ಉಳಿಯುವುದು ದಣಿವು. ಟಿಕೆಟ್‌ಗೆ ಪ್ರತಿಯಾಗಿ ನಾಟಕ ನೋಡಿದ್ದಾರೆ, ಆದ್ದರಿಂದ ಆ ಹಣಕ್ಕೆ 80ಜಿ ರಸೀದಿ ಕೊಡುವಂತಿಲ್ಲ ಎಂಬುದೂ ನೆನಪಿರಲಿ.

ಪ್ರಶ್ನೆ: ದೊಡ್ಡ ಕಂಪನಿಗಳ ಸಿಎಸ್‌ಆರ್ (ಸಾಮಾಜಿಕ ಹೊಣೆಗಾರಿಕೆ) ಹಣ ಮಾರ್ಚ್‌ನಲ್ಲಿ ಉಳಿದಿರುತ್ತದಂತೆ. ಬೆಂಗಳೂರಿಗೆ ಹೋಗಿ ಪ್ರಯತ್ನಿಸಬಹುದೇ?
— ಹಿರಿಯೂರು

ಉತ್ತರ: ನಿವ್ವಳ ಮೌಲ್ಯ 500 ಕೋಟಿ, ವಹಿವಾಟು 1,000 ಕೋಟಿ, ನಿವ್ವಳ ಲಾಭ 5 ಕೋಟಿ, ಇವುಗಳಲ್ಲಿ ಒಂದನ್ನಾದರೂ ಮುಟ್ಟಿದ ಕಂಪನಿಗಳು ಹಿಂದಿನ 3 ವರ್ಷದ ಸರಾಸರಿ ಲಾಭದ ಶೇ 2 ಖರ್ಚು ಮಾಡಬೇಕು. ಉಳಿದ ಹಣ ಎಲ್ಲಿಗೆ ಹೋಗಬೇಕೆಂದು ಕಾನೂನೇ ಹೇಳಿದೆ, ಅವರು ನಿಮ್ಮನ್ನು ಹುಡುಕಿಕೊಂಡು ಬರಬೇಕಾಗಿಲ್ಲ. ಆ ಹಣ ಪಡೆಯಲು ಸಂಸ್ಥೆಗೆ ಬೇಕಾದ ಸಿಎಸ್‌ಆರ್-1 ನೋಂದಣಿ ಇಲ್ಲದಿದ್ದರೆ ಬಸ್ ಚಾರ್ಜು ದಂಡ. ಅದನ್ನು ಈಗ ಮಾಡಿಸಿ, ಏಪ್ರಿಲ್-ಮೇನಲ್ಲಿ, ಕಂಪನಿಗಳು ಹೊಸ ವರ್ಷದ ಯೋಜನೆ ಗೊತ್ತು ಮಾಡುವಾಗ ಅರ್ಜಿ ಹಾಕಿ.

ಪ್ರಶ್ನೆ: ಡಿಸೆಂಬರ್‌ನಲ್ಲಿ ಬರೆಸಿದವರು ಮಾರ್ಚ್‌ನಲ್ಲಿ ಫೋನ್ ಎತ್ತುವುದಿಲ್ಲ. ಬೆನ್ನು ಬಿದ್ದರೆ ಮರ್ಯಾದೆ ಹೋಗುತ್ತದೆ, ಬಿಟ್ಟರೆ ಹಣ ಹೋಗುತ್ತದೆ.
— ಹೊಳಲ್ಕೆರೆ

ಉತ್ತರ: ಬರೆಸಿದ ದಿನವೇ ಸಂಜೆ, ಮೊತ್ತ ನಮೂದಿಸಿ, ಧನ್ಯವಾದದ ಒಂದು ಸಂದೇಶ ಹೋಗಬೇಕು. ಮಾತು ಅಲ್ಲಿಗೆ ದಾಖಲಾಯಿತು. ಎರಡನೇ ನೆನಪು ಅವರು ಹೇಳಿದ ತಾರೀಖಿಗೆ ಒಂದು ವಾರ ಮುಂಚೆ, ಮೂರನೆಯದು ಮಾರ್ಚ್ 10ರ ಹೊತ್ತಿಗೆ. ಅಲ್ಲಿಗೆ ನಿಲ್ಲಿಸಿ, ಹೆಸರನ್ನು ಮುಂದಿನ ವರ್ಷದ ಪಟ್ಟಿಗೆ ಹಾಕಿ. ಫೋನ್ ಮಾಡಬೇಕಾದವರು ಬರೆಸಿಕೊಂಡವರೇ, ಕಚೇರಿಯ ಹುಡುಗನಲ್ಲ. ‘ಕೊಡ್ತೀರಾ?’ ಎಂದು ಕೇಳಿದರೆ ಇಲ್ಲ ಎನ್ನುವುದಕ್ಕೆ ನೀವೇ ಜಾಗ ಬಿಟ್ಟುಕೊಟ್ಟಂತೆ. ಹೀಗೆ ಕೇಳಿ: ‘ಸಾವ್ಕಾರ್ರೆ, ನಮಸ್ಕಾರ. ಡಿಸೆಂಬರ್‌ನಾಗೆ ಹತ್ತು ಸಾವಿರ ಬರ್ಸಿದ್ರಿ. ರಸೀದಿ ಬರ್ದು ಇಟ್ಕೊಂಡು ಬರ್ತೀನಿ, ಬುಧವಾರ ಅಂಗ್ಡಿಗೆ ಬರ್ಲಾ, ಗುರುವಾರ ಬರ್ಲಾ?’

ಒಂದೇ ಸಲ ಕಷ್ಟ ಎಂದವರಿಗೆ ಕಂತು ಮಾಡಿಕೊಡಿ. ಯುಪಿಐ ಆಟೋಪೇನಲ್ಲಿ ಒಮ್ಮೆ ಒಪ್ಪಿಗೆ ಕೊಟ್ಟರೆ ಕಂತು 15,000 ರೂಪಾಯಿವರೆಗೆ ಪ್ರತಿ ಸಲ ಪಿನ್ ಹಾಕಬೇಕಿಲ್ಲ. ಚೆಕ್ ಕೊಡುವವರಿಗೆ ಮಾರ್ಚ್ 25 ಕೊನೆಯ ದಿನ ಎಂದು ಹೇಳಿಬಿಡಿ. ಏಪ್ರಿಲ್ 1ರಂದು ಬ್ಯಾಂಕುಗಳು ವಾರ್ಷಿಕ ಲೆಕ್ಕಕ್ಕೆ ಗ್ರಾಹಕರಿಗೆ ಮುಚ್ಚಿರುತ್ತವೆ, ಯಾವ ವರ್ಷದ ಹಣ ಎಂಬ ತಕರಾರು ಬೇಡ. ನೆಫ್ಟ್ 24 ಗಂಟೆಯೂ ನಡೆಯುವುದರಿಂದ 31ರ ರಾತ್ರಿ ನೆನಪಾದವರು ಅದರಲ್ಲಿ ಹಾಕಲಿ.

ಪ್ರಶ್ನೆ: ಹೋದ ವರ್ಷ ಮಾರ್ಚ್ 28ಕ್ಕೆ ಒಬ್ಬರೇ 4 ಲಕ್ಷ ಹಾಕಿದರು. ಮೂರು ದಿನದಲ್ಲಿ ಖರ್ಚು ತೋರಿಸಬೇಕು ಎಂದು ಅವಸರದಲ್ಲಿ ಕಂಪ್ಯೂಟರ್ ಕೊಂಡೆವು, ಈಗ ಮೂಲೆಯಲ್ಲಿವೆ. ಈ ಸಲವೂ ಹಾಗಾದರೆ? ಮಾರ್ಚ್ ಮುಗಿದ ಮೇಲೆ ಏನೇನು ಮಾಡಬೇಕು ಎಂಬುದನ್ನೂ ತಿಳಿಸಿ.
— ಅಧ್ಯಕ್ಷರು, ಚನ್ನಗಿರಿ

ಉತ್ತರ: ವರ್ಷದ ಆದಾಯದ ಶೇ 85 ಅನ್ನು ಅದೇ ವರ್ಷ ಉದ್ದೇಶಕ್ಕೆ ಬಳಸಬೇಕೆಂಬ ನಿಯಮ ನಿಮ್ಮನ್ನು ಹೆದರಿಸಿದೆ. ಬಿಡುಗಡೆಗೆ ಮೂರು ದಾರಿಗಳಿವೆ. ಮುಂದಿನ ವರ್ಷ ಖರ್ಚು ಮಾಡುತ್ತೇವೆಂದು ಫಾರಂ 9ಎ ಸಲ್ಲಿಸಬಹುದು. ಕಟ್ಟಡದಂಥ ದೊಡ್ಡ ಕೆಲಸವಿದ್ದರೆ ಉದ್ದೇಶ ಬರೆದು ಫಾರಂ 10 ಸಲ್ಲಿಸಿ 5 ವರ್ಷದವರೆಗೆ ಕೂಡಿಡಬಹುದು. ಎರಡನ್ನೂ ರಿಟರ್ನ್ಸ್ ಕೊನೆಯ ದಿನಕ್ಕಿಂತ 2 ತಿಂಗಳು ಮೊದಲೇ ಹಾಕಬೇಕು. ಮೂರನೆಯದು, ದಾನಿಯೇ ‘ಇದು ಮೂಲನಿಧಿಗೆ’ (ಖರ್ಚಿಗಲ್ಲ, ಕಾಯಂ ನಿಧಿಗೆ) ಎಂದು ಲಿಖಿತವಾಗಿ ಕೊಡುವುದು. ಆಗ ಶೇ 85ರ ಲೆಕ್ಕಕ್ಕೇ ಅದು ಬರುವುದಿಲ್ಲ, ಆದರೆ ಕಾಯ್ದೆ ಒಪ್ಪಿದ ಬ್ಯಾಂಕ್ ಠೇವಣಿಯಂಥ ಕಡೆಯಲ್ಲೇ ಅದನ್ನು ಇಡಬೇಕು. ಆ ಪತ್ರ ಹಣದ ಜೊತೆಗೇ ಬರಲಿ, ಆಡಿಟ್ ಹೊತ್ತಿಗೆ ಬರೆಸಿಕೊಳ್ಳುವಂಥದ್ದಲ್ಲ.

ಮಾರ್ಚ್ ಮುಗಿದ ಮೇಲಿನ ಮುಖ್ಯ ತಾರೀಖು ಮೇ 31. ಅಷ್ಟರೊಳಗೆ ಎಲ್ಲ ದಾನಿಗಳ ವಿವರವನ್ನು ಫಾರಂ 10ಬಿಡಿಯಲ್ಲಿ ಸಲ್ಲಿಸಿ, ಅಲ್ಲಿಂದ ಬರುವ 10ಬಿಇ ಪ್ರಮಾಣಪತ್ರವನ್ನು ಪ್ರತಿಯೊಬ್ಬರಿಗೂ ಕಳಿಸಬೇಕು. ತಡವಾದರೆ ದಿನಕ್ಕೆ 200 ರೂಪಾಯಿ, ಮೇಲೆ 10,000ದಿಂದ 1 ಲಕ್ಷದವರೆಗೆ ದಂಡಕ್ಕೂ ಅವಕಾಶವಿದೆ. ಅದಕ್ಕಿಂತ ದೊಡ್ಡ ನಷ್ಟ ಬೇರೆ: 10ಬಿಇ ಇಲ್ಲದೆ ದಾನಿಯ 80ಜಿ ತಿರಸ್ಕೃತವಾಗುತ್ತದೆ, ಅವರು ಮತ್ತೆ ಕೊಡುವುದಿಲ್ಲ. ಇಲ್ಲಿ ಆಗುವ ಎಡವಟ್ಟುಗಳು ಚಿಲ್ಲರೆ: ಪ್ಯಾನ್ ಸಂಖ್ಯೆಯಲ್ಲಿ ಸೊನ್ನೆಯ ಜಾಗದಲ್ಲಿ ಇಂಗ್ಲಿಷಿನ ಓ ಅಕ್ಷರ, ಫರ್ಮಿನ ಹಣಕ್ಕೆ ಯಜಮಾನರ ಪ್ಯಾನ್, ಮೂಲನಿಧಿಯನ್ನು ಸಾಮಾನ್ಯ ದೇಣಿಗೆ ಎಂದು ತುಂಬುವುದು. ಏಪ್ರಿಲ್ ಮೊದಲ ಹದಿನೈದು ದಿನದಲ್ಲಿ ಇಬ್ಬರು ಕೂತು, ಒಬ್ಬರು ರಸೀದಿ ಓದಿ ಇನ್ನೊಬ್ಬರು ಪರದೆ ನೋಡಿ ತಾಳೆ ಹಾಕಿದರೆ ಮುಗಿಯಿತು. 10ಬಿಇ ಕಳಿಸುವಾಗ ಜೊತೆಗೆ ಅರ್ಧ ಪುಟದ ಲೆಕ್ಕವೂ ಹೋಗಲಿ: ಎಷ್ಟು ಬಂತು, ಎಷ್ಟು ಖರ್ಚಾಯಿತು, ಎಷ್ಟು ಬ್ಯಾಂಕಿನಲ್ಲಿದೆ. ಕಂಪ್ಯೂಟರ್‌ಗಳನ್ನು ಪಕ್ಕದ ಸರ್ಕಾರಿ ಶಾಲೆಗೆ ಕೊಡಬಹುದೇ ಎಂದು ನಿಮ್ಮ ಟ್ರಸ್ಟ್ ಡೀಡಿನ ಉದ್ದೇಶಗಳಲ್ಲಿ ನೋಡಿ. ಶಿಕ್ಷಣ ಎಂಬ ಮಾತು ಅಲ್ಲಿದ್ದರೆ ಠರಾವು ಮಾಡಿ ಕೊಟ್ಟುಬಿಡಿ.